ಅಮ್ಮನನ್ನು ನೋಡಿಕೊಳ್ಳೋಕೆ ಎಷ್ಟಾಗುತ್ತೆ?

ಮೊನ್ನೆ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದ್ದರು. ಊರು ದಾವಣಗೆರೆ. ಅವರ ತಂದೆಗೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಗಿದೆ, ಎರಡು ದಿನದಲ್ಲಿ ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರಂತೆ. ಅದೂ ಇದೂ ಮಾತಾಡಿ ಕೊನೆಗೆ ವಿಷಯಕ್ಕೆ ಬಂದರು. "ನಿಮ್ಮ ತಾಯೀನ ನೋಡ್ಕೊಳ್ಳೋಕೆ ಒಬ್ಬರನ್ನ ಇಟ್ಟಿದ್ದೀರಲ್ಲ, ತಿಂಗಳಿಗೆ ಎಷ್ಟಾಗುತ್ತೆ? ಸ್ವಲ್ಪ ಕಡಿಮೆಗೆ ಯಾರಾದರೂ ಸಿಗ್ತಾರಾ?"

ನಾನು ಲೆಕ್ಕ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಅಯ್ಯೋ, ಅಷ್ಟೊಂದಾ?"

ನನಗೆ ನಗು ಬಂತು. ಯಾಕೆಂದರೆ 2023ರ ನವೆಂಬರಿನಲ್ಲಿ ನಾನೂ ಇದೇ ಮಾತನ್ನು, ಇದೇ ರಾಗದಲ್ಲಿ ಹೇಳಿದ್ದೆ. ಅವತ್ತಿನಿಂದ ಈವರೆಗೆ ಈ 'ಅಷ್ಟೊಂದಾ' ಅನ್ನೋ ಪದವೇ ನನ್ನ ತಲೆ ತಿನ್ನುತ್ತಿದೆ. ಅವರಿಗೆ ಫೋನಿನಲ್ಲಿ ಪೂರ್ತಿ ಹೇಳೋಕೆ ಆಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಅಮ್ಮನಿಗೆ ಆಗ 79. ಅಪ್ಪ ಹೋದ ಮೇಲೆ ಮೈಸೂರಿನ ಮನೆಯಲ್ಲಿ ಒಬ್ಬರೇ. ಬೆಂಗಳೂರಿಗೆ ಬನ್ನಿ ಅಂದರೆ "ನಿಮ್ಮ ಮೂರನೇ ಮಹಡೀಲಿ ನಾನು ಯಾರ ಜೊತೆ ಮಾತಾಡಲಿ" ಅನ್ನೋರು. ಒಂದು ಬೆಳಿಗ್ಗೆ ಬಚ್ಚಲುಮನೆಯ ಹೊಸ್ತಿಲಲ್ಲಿ ಜಾರಿದರು. ಸೊಂಟದ ಹತ್ತಿರ ತೊಡೆಮೂಳೆ ಮುರಿದಿತ್ತು. ಆಪರೇಷನ್ ಆಯಿತು, ಏಳನೇ ದಿನ ಡಿಸ್ಚಾರ್ಜ್. ಕೈಗೆ ಕೊಟ್ಟ ಚೀಟಿಯಲ್ಲಿ ಮಾತ್ರೆಗಳ ಹೆಸರು, ಹೊತ್ತು, ಎಲ್ಲ ಅಚ್ಚುಕಟ್ಟಾಗಿತ್ತು. ಡಾಕ್ಟರು ಬಾಯಲ್ಲಿ ಹೇಳಿದ್ದು ಬೇರೆ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತೆ, ಶುಗರ್ ಇರೋದರಿಂದ ಬೇಗ ಆಗುತ್ತೆ. ದಿನಕ್ಕೆ ಮೂರು ಸಲ ಎಬ್ಬಿಸಿ ಕೂರಿಸಬೇಕು. ವಾಕರ್ ಹಿಡಿಸಿ ನಿಲ್ಲಿಸಬೇಕು. ಒದ್ದೆಯಲ್ಲಿ ಮಲಗಿರಬಾರದು. ಸರಿ ಸರಿ ಅಂತ ತಲೆಯಾಡಿಸಿದೆ. ಇದನ್ನೆಲ್ಲ *ಯಾರು* ಮಾಡಬೇಕು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾರಿನಲ್ಲಿ ಬರುವಾಗ ಹೊಳೆಯಿತು.

ಮೊದಲ ಹದಿನೈದು ದಿನ ನನ್ನ ಹೆಂಡತಿ ಸ್ಕೂಲಿಗೆ ರಜಾ ಹಾಕಿದಳು. ಆಮೇಲೆ ಹುಬ್ಬಳ್ಳಿಯಿಂದ ಅಕ್ಕ ಬಂದಳು, ಮೂರು ವಾರ ಇದ್ದಳು. ಅಣ್ಣ ನ್ಯೂಜೆರ್ಸಿಯಲ್ಲಿ. ದಿನಾ ವಿಡಿಯೋ ಕಾಲ್. "ದುಡ್ಡಿಗೆ ಯೋಚನೆ ಮಾಡಬೇಡ, ಎಷ್ಟು ಅಂತ ಹೇಳು, ಕಳಿಸ್ತೀನಿ" ಅಂದ. ಎಷ್ಟು ಅಂತ ಹೇಳಿದಾಗ, "ಮೈಸೂರಲ್ಲೂ ಅಷ್ಟಾಗುತ್ತಾ?" ಅಂದ. ಅವನ ಮಗಳು ಚಿಕ್ಕವಳಿದ್ದಾಗ ಮಗು ನೋಡಿಕೊಳ್ಳೋಕೆ ಗಂಟೆಗಿಷ್ಟು ಡಾಲರ್ ಅಂತ ಕೊಟ್ಟವನು! ಅವನ ಮೇಲೆ ಸಿಟ್ಟಿಲ್ಲ. ಕಳಿಸುತ್ತಲೇ ಇದ್ದಾನೆ. ಆದರೆ ನಮ್ಮ ಮೂವರಲ್ಲೂ ಒಂದೇ ಕಾಯಿಲೆ ಇತ್ತು: ಅಮ್ಮನ ಆಪರೇಷನ್ನಿಗೆ ಲಕ್ಷಗಟ್ಟಲೆ ಕೊಡುವಾಗ ಯಾರೂ ಚೌಕಾಸಿ ಮಾಡಲಿಲ್ಲ, ಅಮ್ಮನ ಬೆನ್ನು ಒರೆಸುವವರಿಗೆ ಕೊಡುವಾಗ ಮೂವರೂ ಚೌಕಾಸಿಗೆ ನಿಂತೆವು.

ಜನ ಸಿಗೋದು ಹೇಗೆ ಅಂತ ಕೇಳ್ತೀರಾ? ನಮಗೆ ಸಿಕ್ಕಿದ್ದು ಆಸ್ಪತ್ರೆಯ ವಾರ್ಡಿನಲ್ಲಿ. ಡಿಸ್ಚಾರ್ಜ್ ದಿನ ಒಬ್ಬರು ಬಂದು ಮೆಲ್ಲಗೆ ಒಂದು ಕಾರ್ಡು ಕೊಟ್ಟು ಹೋದರು, 'ಹೋಮ್ ನರ್ಸಿಂಗ್' ಅಂತ. ಹೆಸರಿನಲ್ಲಿ ನರ್ಸಿಂಗ್ ಇದೆ ಅಂತ ನರ್ಸ್ ಬರುತ್ತಾರೆ ಅಂದುಕೊಳ್ಳಬೇಡಿ. ಬರೋದು ಅಟೆಂಡರ್. ಸ್ನಾನ, ಬಟ್ಟೆ, ಊಟ, ಡೈಪರ್, ನಡೆಸೋದು, ಮಾತ್ರೆ ನೆನಪಿಸೋದು, ಇಷ್ಟು ಅವರ ಕೆಲಸ. ಇಂಜೆಕ್ಷನ್ ಕೊಡೋದು, ಮೂಗಿನ ನಳಿಕೆ ಬದಲಿಸೋದು, ಗಾಯಕ್ಕೆ ಡ್ರೆಸ್ಸಿಂಗ್, ಇವೆಲ್ಲ ನರ್ಸಿಂಗ್ ಓದಿದವರು ಮಾಡಬೇಕು, ಅವರ ದರ ಬೇರೆ. ನಮ್ಮಮ್ಮನಿಗೆ ನರ್ಸ್ ಬೇಕಿರಲಿಲ್ಲ. ಎಷ್ಟೋ ಮನೆಗಳಲ್ಲಿ ನರ್ಸ್ ಬೇಕಿರುವ ಕಡೆ ಅಟೆಂಡರ್ ಇಟ್ಟುಕೊಂಡು ಅವರ ಕೈಯಲ್ಲೇ ಇನ್ಸುಲಿನ್ ಕೊಡಿಸುತ್ತಾರೆ. ಏನಾದರೂ ಹೆಚ್ಚುಕಮ್ಮಿ ಆದರೆ ಬೈಸಿಕೊಳ್ಳೋದು ಆ ಬಡಪಾಯಿಯೇ.

ಏಜೆನ್ಸಿಯವರು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಪೇಷೆಂಟಿನ ತೂಕ ಎಷ್ಟು ಅಂತ. ಎರಡನೆಯದು "ವೆಜ್ ಮನೆನಾ ಸಾರ್?" ತೂಕ ಯಾಕೆ ಅಂತ ಅರ್ಥವಾಗಲು ಒಂದು ವಾರ ಹಿಡಿಯಿತು. ಎರಡನೆಯದು ತಕ್ಷಣ ಅರ್ಥವಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ದರ ಹೀಗಿತ್ತು: ರಿಜಿಸ್ಟ್ರೇಷನ್ನಿಗೆ 2,000, ಇಪ್ಪತ್ನಾಲ್ಕು ಗಂಟೆ ಮನೆಯಲ್ಲೇ ಇರುವವರಿಗೆ ತಿಂಗಳಿಗೆ 24,000, ಊಟ ತಿಂಡಿ ನಮ್ಮದು, ದುಡ್ಡು ಮುಂಗಡ. ಮೊದಲು ಬಂದಾಕೆ ಸೋಮವಾರ ಬಂದು ಬುಧವಾರ ಹೋದಳು. ಇಪ್ಪತ್ತೆರಡರ ಹುಡುಗಿ, ಅಮ್ಮನನ್ನು ಎತ್ತಿ ಕೂರಿಸೋಕೆ ಅವಳ ಕೈಯಲ್ಲಿ ಆಗಲಿಲ್ಲ, ಯಾರೂ ಅವಳಿಗೆ ಹೇಳಿಕೊಟ್ಟೂ ಇರಲಿಲ್ಲ. ಎರಡನೆಯವರಿಗೆ ಏಜೆನ್ಸಿಯವರು ಹನ್ನೆರಡು ಗಂಟೆ ಕೆಲಸ ಅಂತ ಹೇಳಿ ಕಳಿಸಿದ್ದರು, ನಮಗೆ ಇಪ್ಪತ್ನಾಲ್ಕು ಅಂತ. ಹನ್ನೊಂದು ದಿನ ತಡೆದುಕೊಂಡು, ಒಂದು ಶನಿವಾರ ಸಂಜೆ ಬ್ಯಾಗು ತಗೊಂಡು ಹೊರಟೇ ಬಿಟ್ಟರು. ನಾವು ಆಗ ಅವರನ್ನು ಬೈದುಕೊಂಡೆವು. ಈಗ ಯೋಚಿಸಿದರೆ ಹನ್ನೊಂದು ದಿನ ಇದ್ದದ್ದೇ ಹೆಚ್ಚು.

ಮರುದಿನ ಭಾನುವಾರ. ಮಗನ ಹತ್ತನೇ ಕ್ಲಾಸು ಅಂತ ಹೆಂಡತಿ ಬೆಂಗಳೂರಿನಲ್ಲಿ, ಅಕ್ಕ ಹುಬ್ಬಳ್ಳಿಗೆ ವಾಪಸು. ಮನೆಯಲ್ಲಿ ಅಮ್ಮ ಮತ್ತು ನಾನು. ಬೆಳಿಗ್ಗೆ ಐದೂವರೆಗೆ ಅಮ್ಮ ಕರೆದರು. ಹೋದೆ. ವಾಸನೆಯಲ್ಲೇ ಗೊತ್ತಾಯಿತು.

"ಎದುರುಮನೆಯವರನ್ನ ಕರಿ" ಅಂದರು.

"ಅವರಿಗೇ ಎಪ್ಪತ್ತಾಗಿದೆ ಅಮ್ಮ, ಈ ಹೊತ್ತಿನಲ್ಲಿ ಹೇಗೆ ಕರೆಯೋದು?"

ಅಮ್ಮ ಗೋಡೆ ಕಡೆ ಮುಖ ತಿರುಗಿಸಿಕೊಂಡರು. ನನಗೆ ಐವತ್ತು ದಾಟಿದೆ. ಅಲ್ಲಿಯವರೆಗೂ ನನ್ನ ಮಗನ ಚಡ್ಡಿಯನ್ನೂ ಸರಿಯಾಗಿ ತೊಳೆದವನಲ್ಲ. ಬಿಸಿನೀರು ತಂದೆ, ಹಳೆಯ ಪಂಚೆ ಹರಿದೆ. ಡೈಪರ್ ಹಿಂದುಮುಂದಾಗಿ ಹಾಕಿದೆ, ಮತ್ತೆ ಬಿಚ್ಚಿದೆ, ಅಷ್ಟರಲ್ಲಿ ಮೇಲುಹಾಸು ಒದ್ದೆ, ಮತ್ತೆ ಎಲ್ಲ ಮೊದಲಿಂದ. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಅಮ್ಮ ಕಣ್ಣು ಬಿಡಲಿಲ್ಲ. ಮಧ್ಯಾಹ್ನದವರೆಗೂ ಮಾತಾಡಲಿಲ್ಲ. ನಾನೂ ಏನು ಮಾತಾಡಬೇಕು ಅಂತ ತಿಳಿಯದೆ ಕಾಫಿ ಮಾಡಿ ಕೊಟ್ಟೆ. ಒಂದು ಗುಟುಕು ಕುಡಿದು, "ಸಕ್ಕರೆ ಹಾಕಿದ್ದೀಯ. ನಂಗೆ ಶುಗರ್ ಅಲ್ವೇನೋ" ಅಂದರು. ಅದೇ ಆ ದಿನದ ಮೊದಲ ಮಾತು.

ಈ ಕೆಲಸ 'ಅನ್‌ಸ್ಕಿಲ್ಡ್' ಅಂತ ಯಾರಾದರೂ ಅಂದರೆ ನಾನು ಈಗ ಆ ಭಾನುವಾರದ ಕಥೆ ಹೇಳುತ್ತೇನೆ.

ಮೂರನೆಯವರು ಬಂದರು. ಎಚ್.ಡಿ. ಕೋಟೆ ಕಡೆಯವರು, 46 ವರ್ಷ. ಹೆಸರು ಹಾಕೋದಿಲ್ಲ, ಬರೀಲಾ ಅಂತ ಕೇಳಿದಾಗ "ಯಾಕಣ್ಣ ಸುಮ್ನೆ" ಅಂದರು. ಬಂದವರೇ ಮಂಚದ ಎತ್ತರ ನೋಡಿ, "ಇದು ತಗ್ಗಾಯ್ತು, ನನ್ ಸ್ವಂಟ ಹೋಯ್ತದೆ" ಅಂತ ಕಾಲಿನ ಕೆಳಗೆ ನಾಲ್ಕು ಇಟ್ಟಿಗೆ ಇಡಿಸಿದರು. ಅಮ್ಮನನ್ನು ತಿರುಗಿಸುವಾಗ ಎಳೆಯಲಿಲ್ಲ. ಮೊಣಕಾಲು ಮಡಿಸಿ, ಭುಜ ಸೊಂಟ ಎರಡೂ ಹಿಡಿದು ಒಂದೇ ಸಲಕ್ಕೆ ಮಗ್ಗುಲು ಮಾಡಿದರು. ಅಮ್ಮ "ಅಬ್ಬಾ" ಅನ್ನಲಿಲ್ಲ. ಅವತ್ತೇ ನನಗೆ ಗೊತ್ತಾಯಿತು, ಕೆಲಸ ಬಲ್ಲವರು ಇವರು ಅಂತ.

ಈಗ ಆ ಎರಡನೇ ಪ್ರಶ್ನೆ. ಅಮ್ಮ ಆಕೆಯನ್ನು ಮೊದಲು ಕೇಳಿದ್ದೇ "ಯಾವ ಪೈಕಿ?" ಅಂತ. ಉತ್ತರ ಕೇಳಿ ಸುಮ್ಮನಾದರು. ಆಮೇಲೆ ನನ್ನನ್ನು ಕರೆದು, ಅಡುಗೆಮನೆ ಒಳಗೆ ಬೇಡ ಅಂದರು. ನೋಡಿ ಹೇಗಿದೆ! ಮೈ ತೊಳೆಯಬಹುದು, ಮಲ ಬಾಚಬಹುದು, ಬಾಯಿಗೆ ಮಾತ್ರೆ ಇಡಬಹುದು, ಅಕ್ಕಿ ಡಬ್ಬ ಮುಟ್ಟಬಾರದು. ಮೈಸೂರಿನಲ್ಲೇ ಆಗಲಿ, ಬೆಂಗಳೂರಿನಲ್ಲೇ ಆಗಲಿ, ಇದು ನಮ್ಮ ಮನೆಯೊಂದರ ಕಥೆ ಅಲ್ಲ ಅಂತ ನಿಮಗೂ ಗೊತ್ತು. ಏಜೆನ್ಸಿಯವರು ಆ ಪ್ರಶ್ನೆ ಕೇಳೋದೇ ಅದಕ್ಕೆ. ಕಾಲೇಜಿನ ದಿನಗಳಲ್ಲಿ ಜಾತಿಯ ವಿರುದ್ಧ ಭಾಷಣ ಮಾಡಿದ್ದ ನಾನು ಆವತ್ತು ಏನು ಮಾಡಿದೆ? ಬಾಯಿ ಮುಚ್ಚಿಕೊಂಡಿದ್ದೆ. ಎಲ್ಲಿ ಇವರೂ ಹೊರಟುಬಿಟ್ಟರೆ, ಎಲ್ಲಿ ಅಮ್ಮ ಊಟ ಬಿಟ್ಟರೆ ಅನ್ನೋ ಭಯ. ಅಡುಗೆಗೆ ಬೇರೆಯವರನ್ನು ಗೊತ್ತು ಮಾಡಿದೆ, ಅದಕ್ಕೆ ಮತ್ತೆ 4,000. ಸುಮಾರು ಎರಡು ತಿಂಗಳ ಮೇಲೆ ಒಂದು ರಾತ್ರಿ ಅಮ್ಮನಿಗೆ ಶುಗರ್ ಇಳಿದು ಮೈಯೆಲ್ಲ ಬೆವೆತು ಮಾತು ತೊದಲಿತು. ಆಕೆ ಅಡುಗೆಮನೆಗೆ ಓಡಿ ಸಕ್ಕರೆ ನೀರು ಮಾಡಿ ತಂದು ಕುಡಿಸಿದರು. ಅದಾದ ಮೇಲೆ ಆ ಹೊಸ್ತಿಲಿನ ಬಗ್ಗೆ ಅಮ್ಮ ಮಾತೆತ್ತಲಿಲ್ಲ. ಆಕೆಯೂ ಎತ್ತಲಿಲ್ಲ. ಅಡುಗೆಯವರನ್ನು ಬಿಡಿಸಿದೆವು, ಆ ದುಡ್ಡು ಆಕೆಗೇ ಹೋಗಲಿ ಅಂತ. ಅದಕ್ಕೂ ಮೊದಲಿನ ಎರಡು ತಿಂಗಳು ಆಕೆಗೆ ಹೇಗನಿಸಿತ್ತು ಅಂತ ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಈಗ ದುಡ್ಡಿನ ವಿಷಯ. ಸಹೋದ್ಯೋಗಿಗೆ ಹೇಳಿದ ಲೆಕ್ಕವನ್ನೇ ಇಲ್ಲೂ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾಗಬಹುದು. ಆ ಮೊದಲ ತಿಂಗಳುಗಳಲ್ಲಿ ಏಜೆನ್ಸಿಗೆ 24,000. ಫಿಸಿಯೋಥೆರಪಿಯವರು ತಿಂಗಳಿಗೆ ಹನ್ನೆರಡು ಸಲ, ಸಲಕ್ಕೆ 600, ಅಂದರೆ 7,200. ಡೈಪರ್ ಒಂದಕ್ಕೆ ಸುಮಾರು 35 ರೂಪಾಯಿ, ದಿನಕ್ಕೆ ಮೂರು, ತಿಂಗಳಿಗೆ 3,150. ಔಷಧಿ 2,800. ಒಟ್ಟು 37,150. ಇದರ ಮೇಲೆ ಅಡುಗೆಯವರು, ಗಾಳಿ ಹಾಸಿಗೆ, ಕಮೋಡ್ ಕುರ್ಚಿ. ಅಪ್ಪ ಪ್ರೈಮರಿ ಶಾಲೆ ಮೇಷ್ಟರಾಗಿದ್ದವರು. ಅಮ್ಮನಿಗೆ ಬರುವ ಕುಟುಂಬ ಪಿಂಚಣಿ 16,000 ಚಿಲ್ಲರೆ. ಉಳಿದದ್ದನ್ನು ಅಣ್ಣ ಅರ್ಧ, ನಾನು ಅರ್ಧ. ಅಕ್ಕನ ಹತ್ತಿರ ಕೇಳಲಿಲ್ಲ. ಆದರೆ ಅವಳು ಮೂರು ವಾರ ಬಂದು ಮಾಡಿದ್ದಕ್ಕೆ ಯಾರೂ ಲೆಕ್ಕ ಹಾಕಲೂ ಇಲ್ಲ. ಈ ಮಾತು ನೆನಪಿಡಿ.

ಒಂದು ದಿನ ಆಕೆಯನ್ನೇ ಕೇಳಿದೆ, ಏಜೆನ್ಸಿಯವರು ನಿಮಗೆಷ್ಟು ಕೊಡ್ತಾರೆ ಅಂತ. ಹದಿನೇಳು ಸಾವಿರ. ಅಂದರೆ ತಿಂಗಳಿಗೆ 7,000 ಏಜೆನ್ಸಿಗೆ, ಪ್ರತಿ ತಿಂಗಳೂ. ಬದಲಿ ಜನ ಕೊಡ್ತೀವಿ, ಪೊಲೀಸ್ ವೆರಿಫಿಕೇಷನ್ ಮಾಡಿಸಿರ್ತೀವಿ, ಟ್ರೈನಿಂಗ್ ಕೊಟ್ಟಿರ್ತೀವಿ, ಅದಕ್ಕೆ ಅಂತಾರೆ. ನಮ್ಮ ಅನುಭವದಲ್ಲಿ ಬದಲಿ ಬರೋಕೆ ನಾಲ್ಕು ದಿನ ಹಿಡಿಯಿತು, ಟ್ರೈನಿಂಗ್ ಅಂದರೆ ಮೊದಲಿನ ಹುಡುಗಿಯನ್ನು ನೋಡಿದೆನಲ್ಲ. ಎಲ್ಲ ಕಡೆ ಹೀಗೇ ಅಂತ ಹೇಳೋಕೆ ಬರೋದಿಲ್ಲ. ಆದರೆ ಜನ ಇಟ್ಟುಕೊಳ್ಳುವ ಮೊದಲು ಏಜೆನ್ಸಿಯವರನ್ನು ಬಿಟ್ಟು ಬಂದವರನ್ನೇ ಕೂರಿಸಿಕೊಂಡು, ನಿಮಗೆ ಎಷ್ಟು ಗಂಟೆ ಅಂತ ಹೇಳಿದ್ದಾರೆ, ಕೈಗೆಷ್ಟು ಸಿಗುತ್ತೆ, ರಜಾ ಯಾವಾಗ ಅಂತ ಕೇಳಿ. ಈ ಮೂರು ಮಾತು ಮೊದಲೇ ಆಡಿದ್ದರೆ ನಮ್ಮ ಎರಡನೆಯವರು ಹಾಗೆ ಹೋಗುತ್ತಿರಲಿಲ್ಲ.

ಹದಿನೇಳು ಸಾವಿರವನ್ನು ಮೂವತ್ತರಿಂದ ಭಾಗಿಸಿದೆ. ದಿನಕ್ಕೆ 567. ರಾತ್ರಿಯೂ ಎರಡೆರಡು ಗಂಟೆಗೆ ಏಳಬೇಕು, ಆದರೂ ಎಂಟು ಗಂಟೆ ನಿದ್ದೆ ಅಂತ ಧಾರಾಳವಾಗಿ ಬಿಟ್ಟರೂ ಹದಿನಾರು ಗಂಟೆ ಕೆಲಸ. ಗಂಟೆಗೆ 35 ರೂಪಾಯಿ. ಒಂದು ಡೈಪರಿನ ಬೆಲೆ.

ನಾನು 'ಅಷ್ಟೊಂದಾ' ಅಂದಿದ್ದು ಇದಕ್ಕೆ.

ಮನೆಗೆಲಸದವರಿಗೆ ಕನಿಷ್ಠ ಕೂಲಿ ನಿಗದಿ ಮಾಡಿದ್ದರಲ್ಲಿ ನಮ್ಮ ಕರ್ನಾಟಕವೇ ಮುಂದು, 2004ರಲ್ಲೇ ಮಾಡಿತ್ತು. ಒಳ್ಳೆಯದೇ. ಆದರೆ ಇಪ್ಪತ್ನಾಲ್ಕು ಗಂಟೆ ಇನ್ನೊಬ್ಬರ ಮನೆಯಲ್ಲೇ ಇರೋರ ಗಂಟೆಯನ್ನು ಎಣಿಸೋರು ಯಾರು? ಫ್ಯಾಕ್ಟರಿಗೆ ಇನ್ಸ್‌ಪೆಕ್ಟರ್ ಬರಬಹುದು, ನಮ್ಮನೆ ನಡುಮನೆಗೆ ಬರೋದಿಲ್ಲ. ಎಣಿಸಬೇಕಾದವನು ನಾನೇ. ಆಕೆಯ ಹೆಸರನ್ನು ಇ-ಶ್ರಮ್‌ನಲ್ಲಿ ನೋಂದಾಯಿಸಿದೆ. ಅಟಲ್ ಪಿಂಚಣಿ ಮಾಡಿಸೋಣ ಅಂತ ಬ್ಯಾಂಕಿಗೆ ಕರೆದುಕೊಂಡು ಹೋದೆ. ಅದಕ್ಕೆ ಸೇರೋಕೆ ನಲವತ್ತು ದಾಟಿರಬಾರದು. ಬೇರೆಯವರ ಮುಪ್ಪು ನೋಡಿಕೊಳ್ಳುವವರು ತಮ್ಮ ಮುಪ್ಪಿಗೆ ಏನೂ ಇಲ್ಲದೆ ಬ್ಯಾಂಕಿನಿಂದ ಆಚೆ ಬಂದೆವು. ಆಕೆಗೆ ಬೇಜಾರಾಗಲಿಲ್ಲ, "ಬುಡಣ್ಣ, ಒಂದು ಟೀ ಕುಡಿಯಮ" ಅಂದರು.

ಹಾಗಾದರೆ ಮೊದಲು ಇದೆಲ್ಲ ಹೇಗೆ ನಡೀತಿತ್ತು? ಇದೇ ಪ್ರಶ್ನೆಯನ್ನು ಅಮ್ಮನಿಗೆ ಕೇಳಿದೆ. ನಮ್ಮಜ್ಜಿ, ಅಂದರೆ ಅಪ್ಪನ ಅಮ್ಮ, ಕೊನೆಯ ಆರು ವರ್ಷ ಹಾಸಿಗೆ ಹಿಡಿದಿದ್ದರು. 1984ರಿಂದ 1990. ನಾನು ಚಿಕ್ಕವನು. ಅಜ್ಜಿಯ ಕೋಣೆಯಲ್ಲಿ ಯಾವಾಗಲೂ ಬಿಸಿನೀರು, ಡೆಟಾಲು ವಾಸನೆ ಇರುತ್ತಿದ್ದದ್ದು ನೆನಪು. "ಆಗ ಎಷ್ಟು ಖರ್ಚಾಗ್ತಿತ್ತಮ್ಮ?" ಅಂದೆ.

"ಖರ್ಚೇನು ಬಂತು, ನಾನಿದ್ದೆನಲ್ಲ" ಅಂದರು.

ಇಷ್ಟೇ ಉತ್ತರ. ಸ್ವಲ್ಪ ಹೊತ್ತಾದ ಮೇಲೆ, ನಾನು ಪೇಪರು ಓದುತ್ತಿದ್ದಾಗ, ತಾವೇ ಹೇಳಿದರು. 1987ರಲ್ಲಿ ತಿಪಟೂರಿನಲ್ಲಿ ಅವರ ಅಮ್ಮನಿಗೆ ಹುಷಾರು ತಪ್ಪಿತ್ತಂತೆ. ಕಾಗದ ಬಂತು, ಆಮೇಲೆ ಇನ್ನೊಂದು ಕಾಗದ. ಇಲ್ಲಿ ಅತ್ತೆ ಹಾಸಿಗೆಯಲ್ಲಿ, ಮೂರು ಮಕ್ಕಳ ಸ್ಕೂಲು, ಅಪ್ಪನಿಗೆ ನೀರು ಕಾಯಿಸೋಕೂ ಬರೋದಿಲ್ಲ. ಬಿಟ್ಟು ಹೋಗೋದು ಹೇಗೆ? ಮೂರನೆಯದು ಟೆಲಿಗ್ರಾಂ. "ಹೋಗಿದ್ದು ವೈಕುಂಠಕ್ಕೆ ಎರಡು ದಿನ ಇದ್ದಾಗ" ಅಂದರು. ಅಷ್ಟು ವರ್ಷದಲ್ಲಿ ಈ ಮಾತು ನಾನು ಒಮ್ಮೆಯೂ ಕೇಳಿರಲಿಲ್ಲ.

ನನ್ನ ವಾದ ಏನಿದ್ದರೂ ಇದರಲ್ಲೇ ಇದೆ. ನಾವೆಲ್ಲ "ಹಿಂದೆ ಕೂಡುಕುಟುಂಬ ಇತ್ತು, ವಯಸ್ಸಾದವರನ್ನ ಎಷ್ಟು ಚೆನ್ನಾಗಿ ನೋಡ್ಕೋತಿದ್ರು, ಖರ್ಚೇ ಇರ್ತಿರಲಿಲ್ಲ" ಅಂತ ಬರೆದುಕೊಂಡು ಬಂದಿದ್ದೇವೆ. ನಾನೂ ಬರೆದಿದ್ದೇನೆ, ಹಳೆಯ ಬರಹಗಳಲ್ಲಿ ಹುಡುಕಿದರೆ ಸಿಗುತ್ತೆ :). ಖರ್ಚು ಇತ್ತು ಸ್ವಾಮಿ. ಅದನ್ನು ಸೊಸೆ ಕಟ್ಟುತ್ತಿದ್ದಳು. ತವರಿಗೆ ಹೋಗದ ದಿನಗಳಲ್ಲಿ, ನಿದ್ದೆಯಿಲ್ಲದ ರಾತ್ರಿಗಳಲ್ಲಿ, ಹೋದ ಸೊಂಟದಲ್ಲಿ. ಯಾರೂ ಬಿಲ್ ಕೇಳಲಿಲ್ಲ ಅಷ್ಟೆ. ಈಗ ಸೊಸೆ ಸ್ಕೂಲಿನಲ್ಲಿ ಪಾಠ ಮಾಡುತ್ತಾಳೆ, ಬ್ಯಾಂಕಿನಲ್ಲಿ ಕೂರುತ್ತಾಳೆ. ಹಾಗಾಗಿ ಮೊದಲ ಸಲ ಆ ಕೆಲಸಕ್ಕೆ ರೂಪಾಯಿಯಲ್ಲಿ ಬೆಲೆ ಕಾಣಿಸಿತು, ನಮಗೆ ಎದೆ ಧಸಕ್ಕೆಂದಿತು. ಆ ಧಸಕ್ಕನ್ನು ಸರಿಮಾಡಿಕೊಳ್ಳೋಕೆ ನಾವು ಇನ್ನೊಬ್ಬ ಹೆಂಗಸನ್ನು ಹುಡುಕುತ್ತಿದ್ದೇವೆ, ಗಂಟೆಗೆ 35 ರೂಪಾಯಿಗೆ ಸಿಗುವವಳನ್ನು.

"ನಿಮಗೇನ್ರೀ, ಅಮೆರಿಕದ ಅಣ್ಣ ಇದ್ದಾನೆ, ಹೇಳ್ತೀರಿ" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಸಹೋದ್ಯೋಗಿಗೆ ಅಂಥ ಅಣ್ಣ ಇಲ್ಲ. ಅವರಿಗೆ ಹೇಳಿದ್ದನ್ನೇ ಹೇಳುತ್ತೇನೆ: ಉಳಿಸೋದಾದರೆ ಸಾಮಾನಿನಲ್ಲಿ ಉಳಿಸಿ, ಮನುಷ್ಯರಲ್ಲಿ ಬೇಡ. ಆಸ್ಪತ್ರೆ ಮಂಚ, ಗಾಲಿಕುರ್ಚಿ, ಆಕ್ಸಿಜನ್ ಮೆಷಿನ್ನು ಬಾಡಿಗೆಗೆ ಸಿಗುತ್ತವೆ. ಗಾಳಿ ಹಾಸಿಗೆ, ವಾಕರ್ ನೆಂಟರಿಷ್ಟರ ಮನೆಯ ಅಟ್ಟದ ಮೇಲೆ ಒಂದಲ್ಲ ಒಂದು ಇದ್ದೇ ಇರುತ್ತೆ, ಸಂಕೋಚ ಬಿಟ್ಟು ಕೇಳಿ. ಫಿಸಿಯೋದವರು ಮಾಡಿಸೋದನ್ನು ಎರಡು ತಿಂಗಳು ಪಕ್ಕದಲ್ಲಿ ನಿಂತು ನೋಡಿ ಕಲಿತುಕೊಳ್ಳಿ, ಆಮೇಲೆ ವಾರಕ್ಕೊಮ್ಮೆ ಬಂದರೆ ಸಾಕಾಗಬಹುದು, ಅವರನ್ನೇ ಕೇಳಿ ನೋಡಿ. ರಾತ್ರಿ ಏಳುವ ಅಗತ್ಯ ತಪ್ಪಿದ ದಿನ, ಇಪ್ಪತ್ನಾಲ್ಕು ಗಂಟೆಯಿಂದ ಹಗಲಿನ ಹನ್ನೆರಡು ಗಂಟೆಗೆ ಇಳಿಸಿ, ರಾತ್ರಿ ನೀವು ಮಲಗಿ. 'ನೀವು' ಅಂದರೆ ಗಂಡಸರು. ಸೊಸೆಗೆ ಹೇಳಿಬಿಟ್ಟು ಪಕ್ಕದ ರೂಮಿನಲ್ಲಿ ಗೊರಕೆ ಹೊಡೆಯೋದಲ್ಲ.

ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಇದೆಲ್ಲ ಸಂಬಳವೋ ಪಿಂಚಣಿಯೋ ಇರುವ ಮನೆಗಳ ಮಾತು. ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ಬರುವ ಅಜ್ಜಿಗೆ ಅದು ನಮ್ಮ ಅಟೆಂಡರ್ ಆಕೆಯ ಎರಡು ದಿನದ ಕೂಲಿ. 2024ರ ಅಕ್ಟೋಬರಿನಲ್ಲಿ ಎಪ್ಪತ್ತು ದಾಟಿದವರಿಗೆಲ್ಲ ಆಯುಷ್ಮಾನ್ ಬಂತು, ವರ್ಷಕ್ಕೆ ಐದು ಲಕ್ಷದವರೆಗೆ. ದೊಡ್ಡ ವಿಷಯವೇ. ಆದರೆ ಅದು ಆಸ್ಪತ್ರೆಗೆ ಸೇರಿದರೆ. ಅಮ್ಮ ಆಸ್ಪತ್ರೆಯಲ್ಲಿ ಇದ್ದದ್ದು ಏಳು ದಿನ, ಮನೆಯ ಹಾಸಿಗೆಯಲ್ಲಿ ಏಳು ತಿಂಗಳು. ಆ ಏಳು ತಿಂಗಳು ಸರ್ಕಾರದ ಕಣ್ಣಿಗೆ ಇಲ್ಲವೇ ಇಲ್ಲ. 2007ರಲ್ಲಿ ತಂದೆತಾಯಿಯನ್ನು ನೋಡಿಕೊಳ್ಳದ ಮಕ್ಕಳಿಗೆ ಅಂತ ಒಂದು ಕಾಯ್ದೆ ಬಂತು. ಮಕ್ಕಳಿಂದ ಕೊಡಿಸಬಹುದಾದ ಜೀವನಾಂಶ ತಿಂಗಳಿಗೆ 10,000 ಮೀರಬಾರದು ಅಂತ ಅದರಲ್ಲಿ ಬರೆದಿತ್ತು. ಹತ್ತು ಸಾವಿರಕ್ಕೆ ಏನು ಬರುತ್ತೆ ಅಂತ ಮೇಲಿನ ಲೆಕ್ಕದಲ್ಲಿ ನೋಡಿ. ಕಾಯ್ದೆ ಮಾಡಿದವರಿಗೂ ಬಹುಶಃ "ಸೊಸೆ ಇದ್ದಾಳಲ್ಲ" ಅನ್ನೋ ಧೈರ್ಯ.

ಸರ್ಕಾರ ಏನು ಮಾಡಬಹುದು ಅಂತ ಆಕೆಯೇ ನನಗೆ ಹೇಳಿಕೊಟ್ಟರು, ತಮಗೆ ಗೊತ್ತಿಲ್ಲದೆ. ಎಚ್.ಡಿ. ಕೋಟೆಯಿಂದ ಅಂತರಸಂತೆ ದಾಟಿ ಕಾಡಿನಲ್ಲಿ ಹೋದರೆ ಬಾವಲಿ ಚೆಕ್‌ಪೋಸ್ಟ್, ಅದರಾಚೆ ಕೇರಳದ ವಯನಾಡು. ಆಕೆಯ ಚಿಕ್ಕಮ್ಮನನ್ನು ಆ ಕಡೆ ಮಾನಂದವಾಡಿ ಹತ್ತಿರ ಕೊಟ್ಟಿದ್ದಾರೆ. ಚಿಕ್ಕಮ್ಮನ ಗಂಡ ಹಾಸಿಗೆ ಹಿಡಿದಾಗ "ಪಂಚಾಯ್ತಿ ನರ್ಸಮ್ಮ ಜೀಪಲ್ಲಿ ಮನೆಗೇ ಬತ್ತಾರೆ ಕನಣ್ಣ, ಹುಣ್ಣು ತೊಳ್ದು, ಪೈಪು ಬದಲಾಯ್ಸಿ ಹೋಯ್ತಾರೆ. ಒಂದ್ ರೂಪಾಯೂ ಇಸ್ಕಳಲ್ಲ" ಅಂದರು. ಅತಿಶಯ ಅಂದುಕೊಂಡಿದ್ದೆ. ಅಲ್ಲ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಕೆಲವು ಡಾಕ್ಟರುಗಳು ಕ್ಯಾನ್ಸರ್ ರೋಗಿಗಳ ನೋವು ಕಡಿಮೆ ಮಾಡೋಕೆ ಅಂತ ಶುರುಮಾಡಿದ ಕೆಲಸ ಅದು. ಊರಿನವರೇ ಸ್ವಯಂಸೇವಕರಾಗಿ ಸೇರಿ, ಮಲಪ್ಪುರಂ ಕಡೆ ಹಬ್ಬಿ, ಹಾಸಿಗೆ ಹಿಡಿದವರೆಲ್ಲರ ಮನೆಗೂ ಹೋಗತೊಡಗಿತು. 2008ರಲ್ಲಿ ಕೇರಳ ಸರ್ಕಾರ ಅದನ್ನೇ ನೀತಿ ಮಾಡಿ ಪಂಚಾಯತಿಗಳ ಕೈಗೆ ಕೊಟ್ಟಿತು. ಆ ನರ್ಸಮ್ಮ ಇಡೀ ದಿನ ಕೂರೋದಿಲ್ಲ, ಮನೆಯವರ ಕೆಲಸ ಮನೆಯವರದೇ. ಆದರೆ ಹೇಗೆ ತಿರುಗಿಸಬೇಕು, ಹುಣ್ಣು ಶುರುವಾದರೆ ಏನು ಮಾಡಬೇಕು ಅಂತ ತೋರಿಸಿಕೊಡುತ್ತಾರೆ. ಯಾರೋ ಒಬ್ಬರು ಮತ್ತೆ ಬರುತ್ತಾರೆ ಅನ್ನೋ ಧೈರ್ಯವೇ ಅರ್ಧ ಔಷಧಿ.

ಜಪಾನಿನವರು ಇನ್ನೊಂದು ದಾರಿ ಹಿಡಿದರು, 2000ದಲ್ಲಿ ಇದಕ್ಕೇ ಅಂತ ವಿಮೆ ತಂದು ನಲವತ್ತು ದಾಟಿದವರೆಲ್ಲ ಕಂತು ಕಟ್ಟಬೇಕು ಅಂದರು. ಅಷ್ಟು ದೂರದ ಮಾತು ನಮಗೆ ಈಗಲೇ ಬೇಡ. ಚೆಕ್‌ಪೋಸ್ಟಿನ ಆಚೆ ಇರೋದು ಈಚೆ ಬರಲಿ ಸಾಕು. ವಾರ್ಡಿಗೊಬ್ಬ ನರ್ಸು, ತಾಲ್ಲೂಕು ಆಸ್ಪತ್ರೆಯಲ್ಲಿ ಮನೆಯವರಿಗೂ ಅಟೆಂಡರುಗಳಿಗೂ ಒಂದು ವಾರದ ತರಬೇತಿ, ಹಗಲು ಹೊತ್ತು ಅಜ್ಜ ಅಜ್ಜಿಯರನ್ನು ಬಿಟ್ಟುಬರಲು ಅಂಗನವಾಡಿಯಂಥ ಒಂದು ಜಾಗ. ಮಕ್ಕಳಿಗೆ ಮಾಡಿದ್ದೇವಲ್ಲ, ಆಗದ ಕೆಲಸವೇನಲ್ಲ.

ಅಂದಹಾಗೆ ಏಜೆನ್ಸಿಯ ಕರಾರು ಹನ್ನೊಂದು ತಿಂಗಳಿಗೆ ಮುಗಿಯಿತು. ಆಮೇಲೆ ಆಕೆಯನ್ನು ನೇರವಾಗಿ ನಾವೇ ಇಟ್ಟುಕೊಂಡೆವು, 22,000ಕ್ಕೆ, ತಿಂಗಳಿಗೆ ನಾಲ್ಕು ದಿನ ರಜಾ. ಆ ನಾಲ್ಕು ದಿನಕ್ಕೆ ಬದಲಿಯವರಿಗೆ ದಿನಕ್ಕೆ 900. ಕೂಡಿಸಿದರೆ 25,600. ಏಜೆನ್ಸಿ ತೆಗೆದರೆ ಉಳಿಯುತ್ತೆ ಅಂದುಕೊಂಡಿದ್ದೆ, ಜಾಸ್ತಿಯೇ ಆಯಿತು. ಅಣ್ಣನಿಗೆ ಹೇಳಿದೆ. ಈ ಸಲ ಅವನು 'ಅಷ್ಟಾಗುತ್ತಾ' ಅನ್ನಲಿಲ್ಲ, "ಸಂಕ್ರಾಂತಿಗೆ ಬರ್ತೀನಿ, ಎರಡು ವಾರ ಇರ್ತೀನಿ, ಆಕೆಗೆ ರಜಾ ಕೊಡು" ಅಂದ. ಬಂದ. ಡೈಪರ್ ಹಿಂದುಮುಂದಾಗಿ ಹಾಕಿದ. ನನಗೆ ಎಷ್ಟು ಖುಷಿಯಾಯಿತು ಗೊತ್ತಾ :)

ಅಮ್ಮ ಈಗ ವಾಕರ್ ಹಿಡಿದು ಗೇಟಿನವರೆಗೂ ಹೋಗುತ್ತಾರೆ. ರಾತ್ರಿ ಮಾತ್ರ ಒಬ್ಬರು ಜೊತೆಗೆ ಬೇಕೇ ಬೇಕು.

ಕಳೆದ ವಾರ ಆಕೆಗೆ ಊರಿನಿಂದ ಫೋನು. ಆಕೆಯ ಅವ್ವನಿಗೆ ಹುಷಾರಿಲ್ಲ, ಎರಡು ದಿನದಿಂದ ಎದ್ದಿಲ್ಲ. ಅಣ್ಣನ ಹೆಂಡತಿ ಕೂಲಿಗೆ ಹೋಗುತ್ತಾಳೆ, ನೋಡಿಕೊಳ್ಳೋರಿಲ್ಲ. ಆಕೆ ನನ್ನ ಹತ್ತಿರ ಬಂದು ನಿಂತರು, ಬಾಯಿ ಬಿಡಲಿಲ್ಲ. ನನ್ನ ತಲೆಯಲ್ಲಿ ಓಡಿದ್ದು ಏನು ಗೊತ್ತಾ? ಸೋಮವಾರ ಆಫೀಸಿನಲ್ಲಿ ರಿವ್ಯೂ ಇದೆ, ಬದಲಿಯವರು ಮದುವೆಗೆ ಹೋಗಿದ್ದಾರೆ, ಎರಡು ದಿನ ತಡೆದು ಹೋಗೋಕೆ ಆಗುತ್ತಾ ಅಂತ ಕೇಳಲಾ... ಇಷ್ಟೆಲ್ಲ ಬರೆಯುವವನ ತಲೆ ಓಡೋದು ಹೀಗೆ. ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಅಮ್ಮನ ದನಿ.

"ಏನೋ ಯೋಚನೆ ಮಾಡ್ತಿದ್ದೀಯ? ಈಗ್ಲೇ ಬಸ್ ಸ್ಟ್ಯಾಂಡಿಗೆ ಬಿಟ್ಟು ಬಾ ಅವಳನ್ನ."

ಬಿಟ್ಟು ಬಂದೆ. ಆಧಾರ್ ತೋರಿಸಿದರೆ ಬಸ್ಸಿಗೆ ದುಡ್ಡಿಲ್ಲ, ಕೈಯಲ್ಲಿದ್ದ ಐದು ಸಾವಿರ ಕೊಟ್ಟೆ, ಸಂಬಳದಲ್ಲಿ ಹಿಡಿಯೋದಿಲ್ಲ ಅಂತಲೂ ಹೇಳಿದೆ. ಆಫೀಸಿಗೆ ಮೇಲ್ ಹಾಕಿ ಲ್ಯಾಪ್‌ಟಾಪ್ ತಗೊಂಡು ಇಲ್ಲೇ ಅಮ್ಮನ ಕೋಣೆಯಲ್ಲಿ ಕೂತಿದ್ದೇನೆ, ಇದನ್ನು ಬರೆಯುತ್ತಿರೋದೂ ಇಲ್ಲೇ. ಇವತ್ತಿಗೆ ಆರನೇ ದಿನ. ಕಾಫಿಗೆ ಸಕ್ಕರೆ ಹಾಕೋದಿಲ್ಲ ಈಗ. ಬೆಳಿಗ್ಗೆ ಆಕೆ ಫೋನ್ ಮಾಡಿದ್ದರು. ಅವ್ವ ಗಂಜಿ ಕುಡಿದರಂತೆ, ಇನ್ನೂ ಎದ್ದು ಕೂತಿಲ್ಲವಂತೆ. ಅಮ್ಮ ಫೋನ್ ಕಿತ್ತುಕೊಂಡು, ಎರಡು ಗಂಟೆಗೊಮ್ಮೆ ಮಗ್ಗುಲು ಮಾಡ್ತಿದ್ದೀಯಾ, ಬೆನ್ನಿಗೆ ಪೌಡರ್ ಹಾಕಿದೆಯಾ ಅಂತ ಆಕೆಗೇ ಪಾಠ ಹೇಳುತ್ತಿದ್ದರು.

ನಿಮ್ಮ ಊರಿನಲ್ಲಿ ದರ ಎಷ್ಟಿದೆ, ಮನೆಯಲ್ಲಿ ಯಾರು ಮಾಡುತ್ತಿದ್ದಾರೆ ಅಂತ ಬರೆಯಿರಿ. ದಾವಣಗೆರೆ ಕಡೆಯವರು ಯಾರಾದರೂ ಇದ್ದರೆ, ಗಂಡಸು ರೋಗಿಯನ್ನು ಎತ್ತಿ ಕೂರಿಸಬಲ್ಲ ಒಳ್ಳೆಯ ಅಟೆಂಡರ್ ಗೊತ್ತಿದ್ದರೆ, ದಯವಿಟ್ಟು ತಿಳಿಸಿ. ನಾಡಿದ್ದು ಡಿಸ್ಚಾರ್ಜ್ ಅಂತೆ.